ನೆರೆಮನೆಗೆ ಇಟ್ಟ ಕಾಳು

ಕುಷ್ಟಗಿ

ಬಡತನದ ಬಗ್ಗೆ ಮಾತಾಡಲು ಸ್ಕಾಟ್ಲೆಂಡಿಗೆ ಹೊರಟಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ಕುಷ್ಟಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯವರಂತೂ ಗಂಭೀರವಾಗಿ ಯೋಚಿಸಿ, ಬಡತನ ಇರುವುದು ಇಲ್ಲಿ, ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ ತೋರಿಸುವ ಬದಲು ಅವರನ್ನೇ ಇಲ್ಲಿಗೆ ಕರೆಸಬಾರದೇ ಎಂದು ಕೇಳಿದರು. ನಾನು ಚಹಾ ಮುಗಿಸಿ ಬಸ್ ಹತ್ತಿದೆ.

ನಾನು ಒಂದು ಕ್ರೈಸ್ತ ಸೇವಾಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಕಚೇರಿ ಕೊಪ್ಪಳದಲ್ಲಿ, ತಿರುಗಾಟ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ. ಹುಟ್ಟಿದ್ದು ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯಲ್ಲಿ, ಮನೆದೇವರು ಹುಲಿಗೆಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸಂಜೆ ಮನೆಗೆ ಬಂದ ಕೂಡಲೇ ನನ್ನ ಅತ್ತೆ ಮೊದಲು ನೋಡುತ್ತಿದ್ದದ್ದು ನನ್ನ ಕೊರಳನ್ನು. ಅಲ್ಲಿ ಇನ್ನೂ ತಾಳಿಯೇ ಇದೆಯೋ, ಶಿಲುಬೆ ಬಂದಿದೆಯೋ ಎಂಬ ಅನುಮಾನ. ಸಂಸ್ಥೆಯವರು ಮಾತ್ರ ಇವತ್ತಿನವರೆಗೆ ಯಾರ ದೇವರನ್ನೂ ವಿಚಾರಿಸಿದವರಲ್ಲ. ಹೊಸ ಹಳ್ಳಿಗೆ ಹೋದಾಗ ನಾವು ಕೇಳುವುದು ಒಂದೇ ಪ್ರಶ್ನೆ. ಈ ಊರಲ್ಲಿ ಯಾರ ಮನೆಯ ಒಲೆ ದಿನಾ ಹೊತ್ತುವುದಿಲ್ಲ?

ಅದನ್ನು ಕೇಳುವುದಕ್ಕೂ ಒಂದು ರೀತಿಯಿದೆ. ಗುಡಿಯ ಮುಂದೆಯೋ ಶಾಲೆಯ ಅಂಗಳದಲ್ಲೋ ಹೆಂಗಸರನ್ನೆಲ್ಲ ಕೂರಿಸಿ, ರಂಗೋಲಿ ಪುಡಿ ಕೊಟ್ಟು, ನೆಲದ ಮೇಲೆ ಊರಿನ ಚಿತ್ರ ಬರೆಸುತ್ತೇವೆ. ಓಣಿ, ಬಾವಿ, ಹಳ್ಳ, ಒಬ್ಬೊಬ್ಬರ ಮನೆಗೂ ಒಂದೊಂದು ಚೌಕ. ಆಮೇಲೆ ಕಡಲೆಕಾಳು ಹಂಚುತ್ತೇವೆ. ಕಷ್ಟದಲ್ಲಿರುವ ಮನೆಯ ಮೇಲೆ ಕಾಳು ಇಡಬೇಕು. ಮೊದಮೊದಲು ಅವರವರ ಮನೆಗೆ ಅವರೇ ಇಟ್ಟುಕೊಳ್ಳಲಿ ಎಂದು ಬಿಟ್ಟು ಬೇಸ್ತುಬಿದ್ದೆವು. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇದ್ದ ಮನೆಯೇ ಕಾಳಿನಿಂದ ತುಂಬಿಹೋಯಿತು. ನಿಜವಾಗಿ ಹಸಿದಿದ್ದ ಹೆಂಗಸು ಕಾಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅಂದಿನಿಂದ ನಿಯಮ ಬದಲಾಯಿತು. ತನ್ನ ಮನೆಗೆ ತಾನು ಕಾಳಿಡುವಂತಿಲ್ಲ, ನೆರೆಯವರು ಇಡಬೇಕು. ಕಾಳು ಬಿದ್ದ ಮನೆಗೆ ಸಂಸ್ಥೆ ಕೊಡುವ ಮೊದಲ ಆಡು, ಮೊದಲ ಹೊಲಿಗೆ ಯಂತ್ರ. ಆ ಮನೆಯ ಮಕ್ಕಳಿಗೆ ನಮ್ಮ ಹಾಸ್ಟೆಲಿನಲ್ಲಿ ಮೊದಲ ಜಾಗ.

ಹಾಗೆ ಕಾಳು ಬಿದ್ದ ಮನೆಯವಳೇ ಹನುಮವ್ವ. ಕನಕಗಿರಿ ಸೀಮೆಯ ಹುಲಿಹೈದರದವಳು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಸೊಂಟ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಾಗ, ಇವಳು ಮರಳಿ ಎಂಬ ಊರಿನ ಗದ್ದೆಗಳಿಗೆ ನಾಟಿ ಹಚ್ಚಲು ಹೋಗಿ ಸಂಸಾರ ಎಳೆದವಳು. ಈಗ ಅವಳ ಮನೆಯಲ್ಲಿ ಆಡಿನ ಹಿಂಡಿದೆ, ಊರ ಮಹಿಳಾ ಸಂಘಕ್ಕೆ ಅವಳೇ ಮುಂದಾಳು. ಎತ್ತರದ ಆಳು, ಎತ್ತರದ ದನಿ. ನಮ್ಮ ಸಂಸ್ಥೆಗೆ ವರ್ಷಾನುಗಟ್ಟಲೆ ನೆರವು ಕಳಿಸುತ್ತಿದ್ದ ಸ್ಕಾಟ್ಲೆಂಡಿನ ಒಂದು ಚಿಕ್ಕ ಚರ್ಚಿನವರು, ಹಳ್ಳಿಯ ಒಬ್ಬ ಹೆಣ್ಣುಮಗಳನ್ನು ನೋಡಬೇಕು, ಮಾತು ಕೇಳಬೇಕು ಎಂದು ಬರೆದಾಗ ಎಲ್ಲರ ಬೆರಳೂ ಅವಳ ಕಡೆಗೇ ಹೋಯಿತು. ಅವಳ ಮಾತನ್ನು ಇಂಗ್ಲಿಷಿಗೆ ಮಾಡುವವಳು ನಾನು.

ಬೆಂಗಳೂರು, ವಿಮಾನ ನಿಲ್ದಾಣ

ಇಲ್ಲಿ ನಮ್ಮನ್ನು ತಡೆದಿದ್ದು ಖಡಕ್ ರೊಟ್ಟಿ. ಹನುಮವ್ವ ಒಂದು ದೊಡ್ಡ ಕಟ್ಟನ್ನೇ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟಿದ್ದಳು. ತಪಾಸಣೆಯವರು ಅದನ್ನು ಬಿಚ್ಚಿಸಿ, ಬೆರಳಿನಿಂದ ಬಡಿದು, ಇದು ಯಾವ ಸಾಮಾನು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹನುಮವ್ವ ಒಂದನ್ನು ಪಟ್ಟನೆ ಮುರಿದು ತಾನೊಂದು ಚೂರು ತಿಂದು ಅವರಿಗೂ ಒಂದು ಚೂರು ಕೊಟ್ಟಳು. ಅವರು ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡರು. ಚಟ್ನಿ ಇಲ್ಲವೇ ಎಂದು ಕೇಳಿದ್ದು ಮಾತ್ರ ನನಗೆ ಅನಿರೀಕ್ಷಿತ. ಆಮೇಲೆ ಗೊತ್ತಾಯಿತು, ಅವರು ಕೊಪ್ಪಳದ ಕಡೆಯ ಅಳಿಯ.

ಸ್ಕಾಟ್ಲೆಂಡ್, ಮಾರ್ಗರೆಟ್ ಅವರ ಮನೆ

ಸಮುದ್ರದ ದಂಡೆಯ ಸಣ್ಣ ಊರು. ಹಿಂದೆ ಮೀನುಗಾರಿಕೆಯಿಂದ ಬಾಳಿದ ಊರಂತೆ, ಈಗ ಬಂದರಿನಲ್ಲಿ ದೋಣಿಗಳಿಗಿಂತ ಹಕ್ಕಿಗಳೇ ಹೆಚ್ಚು. ಕಲ್ಲಿನ ಮನೆಗಳು, ಜಿಟಿಜಿಟಿ ಮಳೆ, ಮಧ್ಯಾಹ್ನಕ್ಕೇ ಕತ್ತಲು. ನಮ್ಮನ್ನು ಇಳಿಸಿಕೊಂಡವರು ಮಾರ್ಗರೆಟ್, ಎಪ್ಪತ್ತು ದಾಟಿದ ಒಂಟಿ ಹೆಂಗಸು. ಹನುಮವ್ವ ಆ ಹೆಸರು ನಾಲಿಗೆಗೆ ಹೊಂದದೆ ಅದನ್ನು ಮೊದಲ ದಿನವೇ ಮಾರ್ಗವ್ವ ಎಂದು ಮಾಡಿಬಿಟ್ಟಳು. ಅವರಿಗೂ ಅದು ಹಿಡಿಸಿತು.

ನನ್ನ ಮೊದಲ ಆಘಾತ ಮರುದಿನವೇ ಆಯಿತು. ನಮಗೆ ನೆರವು ಕಳಿಸುವವರು ದೊಡ್ಡ ದೊಡ್ಡ ಕಾರಿನವರು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮಾರ್ಗರೆಟ್ ನಮ್ಮನ್ನು ಕರೆದುಕೊಂಡು ಹೋಗಿದ್ದು ಒಂದು ಹಳೆ ಬಟ್ಟೆ ಅಂಗಡಿಗೆ. ಊರವರು ಬಿಟ್ಟುಕೊಟ್ಟ ಕೋಟು, ಸ್ವೆಟರು, ಬೂಟು, ಕಪ್ಪು ಬಸಿ. ಚರ್ಚಿನ ಮುದುಕಿಯರು ಅವನ್ನು ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಮಾರುತ್ತಾರೆ. ಸಂಬಳವಿಲ್ಲ. ಬಂದದ್ದೆಲ್ಲ ಕೊಪ್ಪಳಕ್ಕೆ. ಅಂಗಡಿಯ ಕೀಲಿಕೈ ಇರುವುದು ಮಾರ್ಗರೆಟ್ ಕೈಯಲ್ಲಿ. ಯಾರದೋ ಹಳೆ ಕೋಟಿನ ಕಾಲರು ತಿಕ್ಕುತ್ತ ನಿಂತಿದ್ದ ಆ ಹೆಂಗಸನ್ನು ನೋಡಿ ನಾನು ದಂಗಾಗಿ ನಿಂತೆ. ನಮ್ಮ ಆಡು, ನಮ್ಮ ಹೊಲಿಗೆ ಯಂತ್ರ ಬಂದದ್ದು ಈ ಕಾಲರಿನ ಕೊಳೆಯಿಂದ.

ಇನ್ನೊಂದು ವಿಷಯಕ್ಕೆ ನಾನು ಕೊನೆಯವರೆಗೂ ಒಗ್ಗಲಿಲ್ಲ. ಅದು ಆ ಊರಿನ ಮೌನ. ಮನೆಗಳ ಬಾಗಿಲು ಸದಾ ಮುಚ್ಚಿರುತ್ತಿದ್ದವು. ಎದುರುಮನೆಯಲ್ಲಿ ಜಾರ್ಜ್ ಎಂಬ ಮುದುಕರಿದ್ದರು, ಹಿಂದೆ ಮೀನಿನ ದೋಣಿಯಲ್ಲಿ ದುಡಿದವರು, ಅವರೂ ಒಂಟಿ. ಅವರೂ ಮಾರ್ಗರೆಟ್ಟರೂ ಒಂದೇ ಚರ್ಚಿಗೆ ಹೋಗುವವರು. ಬೀದಿಯಲ್ಲಿ ಸಿಕ್ಕರೆ ಅವರು ಟೋಪಿ ಮುಟ್ಟುತ್ತಿದ್ದರು, ಇವರು ತಲೆ ಬಾಗಿಸುತ್ತಿದ್ದರು, ಹವಾಮಾನದ ಮೇಲೆ ಒಂದು ಮಾತು ಆಗುತ್ತಿತ್ತು, ಎರಡೂ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಓಣಿಯಲ್ಲಿ ಬದನೆಕಾಯಿ ಸುಟ್ಟರೆ ನಾಲ್ಕನೇ ಮನೆಯವಳು, ಎಣ್ಣೆಗಾಯಿ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾಳೆ. ನನಗೆ ಅದರ ಕಾಟ ಗೊತ್ತು, ಎಷ್ಟೋ ಸಲ ಬೈದುಕೊಂಡಿದ್ದೇನೆ. ಇಲ್ಲಿ ಮೂರು ದಿನ ಕಳೆದರೂ ಯಾರೂ ಊಟ ಆಯಿತೇ ಎಂದು ಕೇಳದಿದ್ದಾಗ ಆ ಕಾಟವೇ ಬೇಕೆನ್ನಿಸಿತು. ಹನುಮವ್ವನಂತೂ ಎದುರು ಕಿಟಕಿ ನೋಡುತ್ತ, ಈ ಮನುಷ್ಯರು ಒಬ್ಬರಿಗೊಬ್ಬರು ಜಗಳವನ್ನಾದರೂ ಆಡುತ್ತಾರೋ ಇಲ್ಲವೋ ಎಂದು ಚಿಂತೆ ಮಾಡಿದಳು.

ಮಾರ್ಗರೆಟ್ ನಮಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದರು. ಸೂಪು, ಬ್ರೆಡ್ಡು, ಆಲೂಗಡ್ಡೆ. ತಾವು ಮಾತ್ರ, ನನ್ನದಾಗಲೇ ಆಯಿತು ಎನ್ನುತ್ತಿದ್ದರು. ಮನೆಯೊಳಗೂ ಕೋಟು ಹಾಕಿಕೊಂಡೇ ಓಡಾಡುತ್ತಿದ್ದರು. ಕೋಣೆ ಬೆಚ್ಚಗೆ ಮಾಡುವ ಗ್ಯಾಸಿಗೆ ಮೊದಲೇ ದುಡ್ಡು ತುಂಬಬೇಕಂತೆ. ನಾವು ಒಳಗೆ ಬಂದಾಗ ಹಚ್ಚುತ್ತಿದ್ದರು, ನಾವು ಮಲಗಲು ಹೋದ ಕೂಡಲೇ ಅದು ಆರಿದ ಸದ್ದು ಕೇಳುತ್ತಿತ್ತು. ಅದು ಆ ದೇಶದ ಶಿಸ್ತು ಎಂದುಕೊಂಡೆ ನಾನು. ಹನುಮವ್ವ ಹಾಗೆ ಅಂದುಕೊಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಬುಧವಾರ, ಚರ್ಚಿನ ಹಿಂಬಾಗಿಲು

ಬುಧವಾರ ಬೆಳಿಗ್ಗೆ ಚರ್ಚಿನ ಹಿಂದೆ ಒಂದು ಸಾಲು ನಿಂತಿತ್ತು. ಕೈಯಲ್ಲಿ ಬರಿ ಚೀಲ ಹಿಡಿದ ಜನ. ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಂದಿರು, ಕೆಲಸದ ಬಟ್ಟೆಯಲ್ಲೇ ಬಂದ ಗಂಡಸರು. ಬಿಳಿಯರು. ಏನೋ ಸೇಲ್ ಇರಬೇಕೆಂದು ನಾನು ಪಾದ್ರಿಯವರನ್ನು ಕೇಳಿದೆ. ಅವರು ನೆಲ ನೋಡುತ್ತ, ಆ ವಾರ ಮನೆಯಲ್ಲಿ ತಿನ್ನಲು ಇಲ್ಲದವರಿಗೆ ಡಬ್ಬಿ ಆಹಾರ, ಹಾಲಿನ ಪುಡಿ ಕೊಡುತ್ತೇವೆ ಎಂದರು.

ಈ ದೇಶದಲ್ಲಿ ಹಸಿವು! ನಮ್ಮ ಮೇಲೆ ರಾಜ್ಯವಾಳಿದವರ ದೇಶದಲ್ಲಿ! ಹನುಮವ್ವನಿಗೆ ಹೇಳಿದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಸಾಲನ್ನೇ ನೋಡುತ್ತ ನಿಂತಳು. ಸಾಲಿನವರು ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬೊಬ್ಬರೂ ಮುಂದಿನವರ ಬೆನ್ನು ನೋಡುತ್ತಿದ್ದರು.

“ಇಷ್ಟ ಮಂದಿಗೆ ಇಲ್ಲಂದ್ರ, ಅಕ್ಕೋರ, ಸಾಲಿಗೆ ಬರಲಾರದವರು ಇನ್ನೆಷ್ಟ ಮಂದಿ ಇರಬೇಕ್ರಿ?” ಎಂದಳು ಹನುಮವ್ವ.

ಶುಕ್ರವಾರ, ಸಭೆ

ಶುಕ್ರವಾರ ಸಂಜೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮ. ನಾನು ಊರಿನಿಂದ ಚಿತ್ರಗಳನ್ನು ತಂದಿದ್ದೆ. ಅವನ್ನು ಗೋಡೆಯ ಮೇಲೆ ತೋರಿಸುವ ಯಂತ್ರ ಕೈಕೊಟ್ಟಿತು. ಪಾದ್ರಿಯವರು ಅದನ್ನು ಬಡಿದರು, ಬೇರೆಯವರು ಬಂದು ತಂತಿ ಕಿತ್ತು ಸಿಕ್ಕಿಸಿದರು, ಏನೂ ಆಗಲಿಲ್ಲ. ಜನ ಕಾಯುತ್ತಿದ್ದರು. ಹಳ್ಳಿಯಲ್ಲಿ ಬಡವರು ಯಾರೆಂದು ನೀವು ಹೇಗೆ ಕಂಡುಹಿಡಿಯುತ್ತೀರಿ ಎಂದು ಯಾರೋ ಕೇಳಿದರು. ಹನುಮವ್ವನಿಗೆ ಅಷ್ಟು ಸಾಕಾಯಿತು. ಹೇಳುವುದೇಕೆ, ಮಾಡಿಯೇ ತೋರಿಸೋಣ ಎಂದು ಎದ್ದು ಸೆರಗು ಸಿಕ್ಕಿಸಿದಳು.

ರಂಗೋಲಿ ಪುಡಿ ಇರಲಿಲ್ಲ, ಮಕ್ಕಳ ತರಗತಿಯ ಬಣ್ಣದ ಚಾಕ್‌ಪೀಸ್ ಸಿಕ್ಕವು. ಕಡಲೆ ಇರಲಿಲ್ಲ, ಅಡುಗೆಮನೆಯಿಂದ ಬಿಳಿ ಅವರೆಯಂಥ ಒಣಕಾಳು ಬಂತು. ಆ ಜನ ಎಷ್ಟು ಖುಷಿಯಿಂದ ಬರೆದರು! ಮಂಡಿ ನೋವಿನ ಮುದುಕಿಯರು ಕುರ್ಚಿ ಹಿಡಿದುಕೊಂಡು ನೆಲಕ್ಕೆ ಇಳಿದರು. ಬಂದರು, ಚರ್ಚು, ಶಾಲೆ, ಹೆಂಡದಂಗಡಿ ಒಂದೊಂದಾಗಿ ಮೂಡಿದವು. ಹೆಂಡದಂಗಡಿ ಎಲ್ಲಿ ಬರಬೇಕೆಂಬುದರ ಮೇಲೆ ಒಳ್ಳೆ ವಾದವೇ ಆಯಿತು. ಎಲ್ಲರೂ ತಮ್ಮ ತಮ್ಮ ಮನೆಗೆ ಚೌಕ ಹಾಕಿದರು. ಇಡೀ ವಾರದಲ್ಲಿ ಆ ಊರು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಆಗಲೇ.

ಕಾಳು ಹಂಚಿ ನಿಯಮ ಹೇಳಿದೆ. ನಿಮ್ಮ ಮನೆಗೆ ಅಲ್ಲ, ನೆರೆಯವರ ಮನೆಗೆ.

ನಗು ನಿಂತಿತು. ಯಾರೂ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ಪಾದ್ರಿಯವರು ಎದ್ದು ಊರಾಚೆಯ ಒಂದು ಕಾಲೊನಿಯ ಮೇಲೆ ಕಾಳಿಟ್ಟರು. ಎಲ್ಲರಿಗೂ ಉಸಿರು ಬಂದಂತಾಯಿತು. ಒಬ್ಬೊಬ್ಬರೇ ಬಂದು ಅದೇ ಕಾಲೊನಿಯ ಮೇಲೆ ಇಟ್ಟರು. ಕಾಳು ಗುಡ್ಡೆಯಾಯಿತು. ಸಭಾಂಗಣದಲ್ಲಿದ್ದ ಯಾರ ಮನೆಯೂ ಆ ಕಾಲೊನಿಯಲ್ಲಿರಲಿಲ್ಲ.

ಹನುಮವ್ವ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅವಳ ಅಂಗೈಯಲ್ಲೂ ಒಂದು ಕಾಳಿತ್ತು. ಅವಳು ಚಾಕ್‌ಪೀಸಿನ ಗೆರೆಗಳನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು ನಡೆಯತೊಡಗಿದಾಗಲೇ ಯಾವ ಕಡೆ ಹೊರಟಳೆಂದು ನನಗೆ ಗೊತ್ತಾಯಿತು. ಯವ್ವಾ, ಬೇಡ ಎಂದೆ. ಅವಳಿಗೆ ಕೇಳಿಸಲಿಲ್ಲ, ಅಥವಾ ಯಾಕೆ ಬೇಡವೆಂದು ಅರ್ಥವಾಗಲಿಲ್ಲ. ಬಾಗಿ, ಮಾರ್ಗರೆಟ್ಟರ ಚೌಕದ ಮೇಲೆ ಕಾಳನ್ನು ಇಟ್ಟಳು.

“ಮಾರ್ಗವ್ವನ ಮನ್ಯಾಗ ಬೆಂಕಿ ಹತ್ತೂದು ನಮ್ಮ ಸಲುವಾಗಿ ಅಷ್ಟ. ನಮಗ ನೀಡಿ ತಾ ಉಪಾಸ ಮಲಗತಾಳ. ಹೇಳ್ರಿ ಅಕ್ಕೋರ, ಇವರಿಗೆ.”

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕಾಳಿನ ಅರ್ಥ ಈಗಷ್ಟೇ ನಾನೇ ಎಲ್ಲರಿಗೂ ಕಲಿಸಿದ್ದೆ. ಮಾರ್ಗರೆಟ್ಟರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅವರು ಯಾರನ್ನೂ ನೋಡದೆ ಕೋಟಿನ ಗುಂಡಿ ಹಾಕಿಕೊಂಡರು, ಒಂದೊಂದಾಗಿ, ಕೊರಳಿನವರೆಗೆ. ಬಾಗಿಲ ಬಳಿ ನಿಂತಿದ್ದ ಎದುರುಮನೆಯ ಜಾರ್ಜ್ ಟೋಪಿ ಮುಟ್ಟಿ ಬಾಗಿಲು ತೆರೆದರು. ಮಾರ್ಗರೆಟ್ ಮಳೆಯಲ್ಲಿ ನಡೆದು ಹೋದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶನಿವಾರ, ಅಡುಗೆಮನೆ

ಮರುದಿನ ಬೆಳಿಗ್ಗೆಯೂ ಮಾರ್ಗರೆಟ್ ನಮಗೆ ಬ್ರೆಡ್ಡು ಬಡಿಸಿದರು. ಆಮೇಲೆ ನಿಂತೇ ಮಾತಾಡಿದರು. ನಾನು ಹೇಳುವುದನ್ನು ಇವಳಿಗೆ ಒಂದೂ ಬಿಡದೆ ಹೇಳು ಎಂದು ನನಗೆ ತಾಕೀತು ಮಾಡಿದರು.

“ನನ್ನ ಮನೆಯಲ್ಲಿ ಇದ್ದುಕೊಂಡು ನನ್ನ ಕಪಾಟಿನೊಳಗೆ ನೋಡಿದಿರಿ. ಈ ಊರಲ್ಲಿ ಎಲ್ಲರೂ ನನ್ನನ್ನು ಕೊಡುವವಳು ಎಂದು ಬಲ್ಲರು. ನನಗೆ ಉಳಿದಿದ್ದದ್ದು ಅದೊಂದೇ.”

ಅಂಗಡಿಯ ಕೀಲಿಕೈಯನ್ನು ಬೆಳಿಗ್ಗೆಯೇ ಪಾದ್ರಿಯವರ ಮನೆಗೆ ಮುಟ್ಟಿಸಿ ಬಂದಿದ್ದರಂತೆ. ಇನ್ನು ಅಂಗಡಿಗೂ ಹೋಗುವುದಿಲ್ಲ, ಚರ್ಚಿಗೂ ಹೋಗುವುದಿಲ್ಲ ಎಂದರು. ಆ ಎರಡು ಜಾಗ ಬಿಟ್ಟರೆ ಆ ಹೆಂಗಸಿಗೆ ಮಾತಾಡಲು ಇನ್ನೊಂದು ನರಪಿಳ್ಳೆ ಇರಲಿಲ್ಲ. ನಾವು ಭಾನುವಾರ ವಿಮಾನ ಹತ್ತಿ ಹೋಗುವವರು. ಇವರು ಈ ಬಾಗಿಲು ಮುಚ್ಚಿಕೊಂಡು, ಆರಿದ ಒಲೆಯ ಮುಂದೆ, ಕೋಟು ಹಾಕಿಕೊಂಡು ಒಬ್ಬರೇ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು.

ಹನುಮವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಸಿಟ್ಟು ಬೆಳಗಾದರೆ ಇಳಿಯುತ್ತದೆ, ತಾನು ಮಾಡಿದ್ದು ಉಪಕಾರವೇ ಎಂದುಕೊಂಡು ರಾತ್ರಿ ನಿಶ್ಚಿಂತೆಯಿಂದ ಮಲಗಿದ್ದವಳು. ಮಾರ್ಗರೆಟ್ ಹೊರಗೆ ಹೋದ ಮೇಲೆ ತನ್ನ ಕಥೆ ತೆಗೆದಳು. ತನ್ನ ಮನೆಗೆ ಕಾಳಿಟ್ಟವಳು ನೆರೆಮನೆಯ ಈರವ್ವ. ಅಂದು ಇವಳೂ ಮುಖ ಮುಚ್ಚಿಕೊಂಡು ಎದ್ದು ಬಂದಿದ್ದಳು, ಈರವ್ವನಿಗೆ ಬಾಯಿಗೆ ಬಂದಂತೆ ಬೈದಿದ್ದಳು. ಮರುದಿನ ನಸುಕಿನಲ್ಲಿ ಈರವ್ವ ಒಂದು ಮೊರದಲ್ಲಿ ಜೋಳದ ಹಿಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈದರೂ ಹೋಗಲಿಲ್ಲ. ಸಂಸ್ಥೆಯ ಆಡು ಬರುವವರೆಗೂ ದಿನಾ ಬಂದಳು. ಇದನ್ನು ನಮ್ಮ ಸಂಸ್ಥೆ ಯಾರಿಗೂ ಕಲಿಸಿದ್ದಲ್ಲ. ಕಾಳಿಟ್ಟವಳು ಮರುದಿನ ಆ ಮನೆಗೆ ಹೋಗಲೇಬೇಕು ಎನ್ನುವುದು ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ. ಇಷ್ಟು ವರ್ಷ ಕಾಳು ಹಂಚಿದ ನನಗೆ ಅದು ಅವತ್ತೇ ಗೊತ್ತಾಗಿದ್ದು.

“ಕಾಳ ಇಟ್ಟಾಕಿ ನಾನು. ಊರ ಬಿಟ್ಟ ಹೊಂಟಾಕೀನೂ ನಾನ. ಇನ್ನ ಈಕಿ ಬಾಗಲಕ್ಕ ಯಾರ ಬರಬೇಕ್ರಿ ಅಕ್ಕೋರ? ತಪ್ಪ ಮಾಡಿದ್ನಿ. ಭಾಳ ದೊಡ್ಡ ತಪ್ಪ ಮಾಡಿದ್ನಿ.”

ಆ ಎತ್ತರದ ಹೆಂಗಸು ಮಾರ್ಗರೆಟ್ಟರ ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಸಂಜೆ ಮಾರ್ಗರೆಟ್ಟರ ಕೈ ಹಿಡಿಯಲು ಹೋದಾಗ ಅವರು ಮೆಲ್ಲಗೆ ಬಿಡಿಸಿಕೊಂಡರು. ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿ, ಮರ್ಯಾದೆಯಿತ್ತು. ಇಡೀ ದಿನ ಬಾಗಿಲ ಗಂಟೆ ಒಂದು ಸಲವೂ ಸದ್ದು ಮಾಡಲಿಲ್ಲ. ಆ ಸಭಾಂಗಣದಲ್ಲಿ ಅಷ್ಟು ಜನ ಇದ್ದರು. ಒಬ್ಬರೂ ಬರಲಿಲ್ಲ. ಬಹುಶಃ ಬರದಿರುವುದೇ ಮಾರ್ಗರೆಟ್ಟರಿಗೆ ತೋರಿಸುವ ಗೌರವ ಎಂದುಕೊಂಡರೇನೋ. ನನಗಂತೂ ರೋಸಿಹೋಯಿತು.

ಭಾನುವಾರ, ಹೊಸ್ತಿಲು

ಚರ್ಚಿನ ಗಂಟೆ ಹೊಡೆಯುತ್ತಿತ್ತು. ಮಾರ್ಗರೆಟ್ ಮನೆಯ ಚಪ್ಪಲಿಯಲ್ಲೇ ಇದ್ದರು. ನಮ್ಮ ಪೆಟ್ಟಿಗೆಗಳು ಬಾಗಿಲ ಬಳಿ ಇದ್ದವು. ನಿಲ್ದಾಣಕ್ಕೆ ಕರೆದೊಯ್ಯುವ ಕಾರಿಗೆ ಕಾಯುತ್ತಿದ್ದೆವು.

ಬಾಗಿಲ ಗಂಟೆ ಸದ್ದಾಯಿತು. ಕಾರು ಬಂತೆಂದು ನಾನು ಬಾಗಿಲು ತೆಗೆದೆ. ಎದುರುಮನೆಯ ಜಾರ್ಜ್ ನಿಂತಿದ್ದರು, ಚರ್ಚಿಗೆ ಹೋಗುವ ಬಟ್ಟೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು. ಮಾರ್ಗರೆಟ್ ಬಂದು ನನ್ನ ಪಕ್ಕ ನಿಂತರು. ಹವಾಮಾನದ ಮಾತು ಬರುತ್ತದೆ ಎಂದು ನಾನು ಕಾದೆ. ಜಾರ್ಜ್ ಕೈಯಲ್ಲಿದ್ದ ಟೋಪಿ ತಿರುಗಿಸಿದರು.

“ನನ್ನ ಮನೆಗೆ ಯಾರೂ ಕಾಳಿಡಲಿಲ್ಲ, ಮಾರ್ಗರೆಟ್,” ಎಂದರು. “ಯಾರಾದರೂ ಇಡುತ್ತಾರೇನೋ ಎಂದು ಕೊನೆಯವರೆಗೂ ಕಾದೆ.”

ಮಾರ್ಗರೆಟ್ ಬಾಗಿಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು.

“ನನಗೆ ಗೊತ್ತಿತ್ತು,” ಎಂದರು. “ಹೋದ ಚಳಿಗಾಲದಿಂದ ನಿಮ್ಮ ಮನೆಯ ಮೇಲೆ ಹೊಗೆ ಎದ್ದದ್ದನ್ನು ನೋಡಿಲ್ಲ.”

“ನಿಮ್ಮದೂ ನನಗೆ ಗೊತ್ತಿತ್ತು,” ಎಂದರು ಜಾರ್ಜ್.

ಹನುಮವ್ವ ನನ್ನ ರಟ್ಟೆ ಜಗ್ಗಿ, ಏನಂತೆ, ಏನಂತೆ ಎಂದಳು. ಇವರದು ಅವರಿಗೆ ಗೊತ್ತಿತ್ತಂತೆ, ಅವರದು ಇವರಿಗೆ ಗೊತ್ತಿತ್ತಂತೆ ಎಂದೆ. ಅವಳು ಜಾರ್ಜ್ ಮನೆಯ ಬಾಗಿಲನ್ನು ನೋಡಿದಳು, ಈ ಬಾಗಿಲನ್ನು ನೋಡಿದಳು. ನಡುವೆ ಇದ್ದದ್ದು ಒಂದು ಕಾರು ಹೋಗುವಷ್ಟು ಬೀದಿ.

“ಗೊತ್ತಿದ್ದೂ ಸುಮ್ನ ಇದ್ರೇನ್ರಿ? ಎದುರಾಬದುರಾ?”

ಇವಳು ಏನೆಂದಳು ಎಂದು ಮಾರ್ಗರೆಟ್ ನನ್ನನ್ನು ಕೇಳಿದರು. ಬಂದಾಗಿನಿಂದ ನಾನು ಹನುಮವ್ವನ ಮಾತುಗಳ ಮೊನೆ ಮುರಿದು, ಸಕ್ಕರೆ ಸವರಿ ಇಂಗ್ಲಿಷಿಗೆ ಮಾಡುತ್ತ ಬಂದಿದ್ದೆ. ಆ ಕ್ಷಣ ನನಗೆ ಅದು ಸಾಧ್ಯವಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾರ್ಗರೆಟ್ ಹನುಮವ್ವನನ್ನೇ ನೋಡಿದರು. ಶುಕ್ರವಾರದಿಂದ ಈಚೆಗೆ ಅವಳ ಮುಖವನ್ನು ಅವರು ನೇರವಾಗಿ ನೋಡಿದ್ದು ಅದೇ ಮೊದಲು.

“ಹೌದು ಅನ್ನು,” ಎಂದರು ನನಗೆ. “ಗೊತ್ತಿದ್ದೂ ಸುಮ್ಮನಿದ್ದೆವು ಅಂತ ಹೇಳು ಅವಳಿಗೆ.”

ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಜಾರ್ಜ್ ಬೂಟು ಒರೆಸಿಕೊಂಡು ಒಳಗೆ ಬಂದರು. ಬಂದವರು ಟೋಪಿ ಹಿಡಿದು ನಡುಮನೆಯಲ್ಲೇ ನಿಂತುಬಿಟ್ಟರು. ಅಷ್ಟು ವರ್ಷ ಎದುರಿಗೇ ಇದ್ದ ಮನುಷ್ಯನಿಗೆ ಆ ಮನೆಯ ಅಡುಗೆಮನೆ ಯಾವ ಕಡೆಗಿದೆಯೆಂದು ಗೊತ್ತಿರಲಿಲ್ಲ. ಹನುಮವ್ವನೇ ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.